ದುಡ್ಡಿನ ಮೂಲ ಕೇಳುವವರ ಕೈಗೆ ಅಧಿಕಾರ

ಬ್ರಿಟನ್ನಿನಲ್ಲಿ ನೋಂದಣಿಯಾಗಿದ್ದ ಲಂಟಾನಾ ಟ್ರೇಡ್ ಎಂಬ ಸಂಸ್ಥೆ, ತನಗೆ ವ್ಯವಹಾರವೇ ಇಲ್ಲವೆಂದು ಅಲ್ಲಿನ ಕಂಪನಿ ನೋಂದಣಿ ಕಚೇರಿಗೆ ಲೆಕ್ಕ ಒಪ್ಪಿಸಿತ್ತು. ಅದೇ ಹೊತ್ತಿಗೆ ಎಸ್ಟೋನಿಯಾದ ಟಾಲಿನ್‌ನಲ್ಲಿ, ಡೆನ್ಮಾರ್ಕಿನ ಡಾನ್ಸ್ಕೆ ಬ್ಯಾಂಕಿನ ಶಾಖೆಯಲ್ಲಿದ್ದ ಅದರ ಖಾತೆಯಿಂದ ಲಕ್ಷಾಂತರ ಡಾಲರ್ ಓಡಾಡುತ್ತಿತ್ತು. ಎರಡನ್ನೂ ತಾಳೆ ಹಾಕಿ ನೋಡಿದವರು ಅದೇ ಶಾಖೆಯ ಅಧಿಕಾರಿ ಹೊವರ್ಡ್ ವಿಲ್ಕಿನ್ಸನ್. 2013ರ ಡಿಸೆಂಬರಿನಲ್ಲಿ ಅವರು ಕೋಪನ್‌ಹೇಗನ್ನಿನ ಮುಖ್ಯ ಕಚೇರಿಗೆ ದೂರು ಬರೆದರು. ಇದು ಬ್ಯಾಂಕಿಗೆ ಬಂದ ಮೊದಲ ಎಚ್ಚರಿಕೆಯೇನೂ ಆಗಿರಲಿಲ್ಲ. 2007ರಲ್ಲಿ ಫಿನ್ಲೆಂಡಿನ ಸಂಪೊ ಬ್ಯಾಂಕನ್ನು ಕೊಂಡಾಗ ಈ ಶಾಖೆಯೂ ಜೊತೆಗೆ ಬಂದಿತ್ತು. ಆ ವರ್ಷವೇ ರಷ್ಯಾದ ಕೇಂದ್ರ ಬ್ಯಾಂಕು ಅಲ್ಲಿನ ವಿದೇಶಿ ಗ್ರಾಹಕರ ಬಗ್ಗೆ ಸಂಶಯ ಸೂಚಿಸಿತ್ತು. ಆದರೂ 2015ರವರೆಗೆ ಆ ಖಾತೆಗಳ ಮೂಲಕ ಸುಮಾರು 20,000 ಕೋಟಿ ಯೂರೊ ಹರಿಯಿತು. ಆಗ ಎಸ್ಟೋನಿಯಾದ ಇಡೀ ವರ್ಷದ ಒಟ್ಟು ಉತ್ಪನ್ನವೇ ಸುಮಾರು 2,000 ಕೋಟಿ ಯೂರೊ.

ಹಾಗಾದರೆ ಕಾನೂನು ಇರಲಿಲ್ಲವೆ? ಧಾರಾಳವಾಗಿತ್ತು. ಅಕ್ರಮ ಹಣದ ಮೇಲೆ ಕಣ್ಣಿಡಲು ಎಫ್‌ಎಟಿಎಫ್ ಎಂಬ ಅಂತರರಾಷ್ಟ್ರೀಯ ಕಾರ್ಯಪಡೆ 1989ರಲ್ಲೇ ಹುಟ್ಟಿದೆ. ಗ್ರಾಹಕ ಯಾರು, ಕಂಪನಿಯ ನಿಜವಾದ ಒಡೆಯ ಯಾರು, ದುಡ್ಡಿನ ಮೂಲವೇನು ಎಂದು ವಿಚಾರಿಸಬೇಕು, ಅನುಮಾನ ಬಂದರೆ ಸರ್ಕಾರಕ್ಕೆ ವರದಿ ಕೊಡಬೇಕು ಎಂಬ ನಿಯಮ ದೇಶದೇಶಗಳಲ್ಲಿದೆ. ನಮ್ಮ ಬ್ಯಾಂಕುಗಳು ಕೆವೈಸಿ ಎಂದು ಕಾಡುವುದೂ ಇದಕ್ಕಾಗಿಯೇ. ಇದನ್ನೆಲ್ಲ ನೋಡಿಕೊಳ್ಳಲು ಕಂಪ್ಲಯನ್ಸ್ ಎಂಬ ವಿಭಾಗವೂ ಇರುತ್ತದೆ. ಟಾಲಿನ್‌ನಲ್ಲಿ ಕೊರತೆಯಾದದ್ದು ಬೇರೆ. ಖರ್ಚು ಹೆಚ್ಚೆಂದು ಶಾಖೆಯ ಕಂಪ್ಯೂಟರ್ ವ್ಯವಸ್ಥೆಯನ್ನು ಮುಖ್ಯ ಕಚೇರಿಯ ಜೊತೆ ಜೋಡಿಸಲೇ ಇಲ್ಲ. ಅನೇಕ ದಾಖಲೆಗಳು ಎಸ್ಟೋನಿಯನ್ ಮತ್ತು ರಷ್ಯನ್ ಭಾಷೆಗಳಲ್ಲಿದ್ದವು. ಕೋಪನ್‌ಹೇಗನ್ನಿನವರಿಗೆ ಅವು ಅರ್ಥವಾಗುತ್ತಿರಲಿಲ್ಲ. ಶಾಖೆ ಮಾತ್ರ ಒಳ್ಳೆಯ ಲಾಭ ತರುತ್ತಿತ್ತು. ಲಾಭ ಬರುವ ಕಡೆ ತಗಾದೆ ತೆಗೆಯುವವನ ಮಾತಿಗೆ ಕಿಮ್ಮತ್ತಿರುವುದಿಲ್ಲ. ನನ್ನ ಮಟ್ಟಿಗೆ ರೋಗದ ಮೂಲ ಇದೇ. ವಿಲ್ಕಿನ್ಸನ್ 2014ರಲ್ಲಿ ಕೆಲಸ ಬಿಟ್ಟರು. ಬ್ಯಾಂಕಿನ ಮುಖ್ಯಸ್ಥ ಥಾಮಸ್ ಬೋರ್ಗೆನ್ ರಾಜೀನಾಮೆ ಕೊಟ್ಟದ್ದು 2018ರಲ್ಲಿ. 2022ರ ಡಿಸೆಂಬರಿನಲ್ಲಿ ಬ್ಯಾಂಕು ಅಮೆರಿಕದ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು ಸುಮಾರು 200 ಕೋಟಿ ಡಾಲರ್ ತೆರಲು ಒಪ್ಪಿತು.

ಇಷ್ಟು ದಂಡ ಬಿದ್ದ ಮೇಲೆ ಬುದ್ಧಿ ಬರುವುದಿಲ್ಲವೆ ಎಂದು ಕೇಳಬಹುದು. ದಂಡದ ಮೇಲೆ ನನಗೆ ಅಷ್ಟು ನಂಬಿಕೆಯಿಲ್ಲ. ಮೆಕ್ಸಿಕೊದ ಮಾದಕವಸ್ತು ಜಾಲಗಳು ಎಚ್‌ಎಸ್‌ಬಿಸಿಯ ಅಲ್ಲಿನ ಶಾಖೆಗಳಿಗೆ ನೋಟಿನ ಕಂತೆಗಳನ್ನು ತರಲು, ಕೌಂಟರಿನ ಕಿಂಡಿಯ ಅಳತೆಗೆ ಸರಿಯಾಗಿ ಪೆಟ್ಟಿಗೆಗಳನ್ನೇ ಮಾಡಿಸಿಕೊಂಡಿದ್ದವು. ಕಿಂಡಿಯ ಆಚೆ ಕೂತವರಿಗೆ ಅದು ಕಾಣದಿರುವುದು ಹೇಗೆ! 2012ರಲ್ಲಿ ಬ್ಯಾಂಕು ಕಟ್ಟಿದ್ದು ಸುಮಾರು 190 ಕೋಟಿ ಡಾಲರ್. ಆ ವರ್ಷ ಅದರ ತೆರಿಗೆಪೂರ್ವ ಲಾಭ 2,000 ಕೋಟಿ ಡಾಲರಿಗೂ ಹೆಚ್ಚು. ಸುಮಾರು ಐದು ವಾರದ ಗಳಿಕೆ, ಅಷ್ಟೆ. ಒಬ್ಬ ಅಧಿಕಾರಿಯೂ ಜೈಲಿಗೆ ಹೋಗಲಿಲ್ಲ. ದಂಡ ತೆರುವುದು ಷೇರುದಾರರ ದುಡ್ಡಿನಿಂದ, ಬೋನಸ್ ಹೋಗುವುದು ಅಧಿಕಾರಿಯ ಜೇಬಿಗೆ. ಹಿರಿಯ ಅಧಿಕಾರಿಗಳನ್ನು ಹೆಸರು ಹಿಡಿದು ಹೊಣೆ ಮಾಡುವ ಪದ್ಧತಿಯನ್ನು ಬ್ರಿಟನ್ 2016ರಲ್ಲಿ ಜಾರಿಗೆ ತಂದದ್ದು ಈ ಕಾರಣಕ್ಕೆ ಸರಿಯಾದ ಹೆಜ್ಜೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಬಿಗಿ ಮಾಡಿದಷ್ಟೂ ಪೆಟ್ಟು ಬೀಳುವುದು ಬಡವರಿಗೆ. 2013ರಲ್ಲಿ ಬಾರ್ಕ್ಲೇಸ್ ಬ್ಯಾಂಕು ದಹಬ್‌ಶೀಲ್ ಎಂಬ ಹಣ ರವಾನೆ ಸಂಸ್ಥೆಯ ಖಾತೆ ಮುಚ್ಚಲು ಹೊರಟಿತು. ವಿದೇಶದಲ್ಲಿ ದುಡಿಯುವ ಸೊಮಾಲಿಯಾದವರು ಊರಿಗೆ ಹಣ ಕಳಿಸುತ್ತಿದ್ದುದು ಇಂಥ ಸಂಸ್ಥೆಗಳ ಮೂಲಕವೇ. ಆಗ ಸರಿಯಾದ ಬ್ಯಾಂಕುಗಳೇ ಇಲ್ಲದಿದ್ದ ದೇಶ ಅದು. ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆದರೆ ಒಬ್ಬೊಬ್ಬ ಗ್ರಾಹಕನನ್ನೂ ಪರಿಶೀಲಿಸುವ ಕಷ್ಟ ಬೇಡವೆಂದು ಇಡೀ ವರ್ಗವನ್ನೇ ಹೊರಗಟ್ಟುವುದು ಎಚ್ಚರಿಕೆ ಎನಿಸದು, ಅದು ಸೋಮಾರಿತನ. ಅಪಾಯ ಎಷ್ಟೋ ಪರಿಶೀಲನೆಯೂ ಅಷ್ಟು ಎಂಬುದೇ ಎಫ್‌ಎಟಿಎಫ್ ಸೂತ್ರ. ಊರಿಗೆ ಹಣ ಕಳಿಸುವ ಕೂಲಿಯವನನ್ನೂ ಕಾಗದದ ಮೇಲಷ್ಟೇ ಇರುವ ಕಂಪನಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಅದು ಹೇಳುವುದಿಲ್ಲ.

ನಮ್ಮಲ್ಲೂ 2018ರಲ್ಲಿ ಹೊರಬಿದ್ದ ಪಂಜಾಬ್ ನ್ಯಾಷನಲ್ ಬ್ಯಾಂಕ್ ಹಗರಣದಲ್ಲಿ ಕಂಡದ್ದು ಇಂಥದೇ ಬಿರುಕು: ಬ್ಯಾಂಕುಗಳು ಪರಸ್ಪರ ಸೂಚನೆ ಕಳಿಸಲು ಬಳಸುವ ಸ್ವಿಫ್ಟ್ ಜಾಲದ ಮೂಲಕ ಮುಂಬೈ ಶಾಖೆಯಿಂದ ವಿದೇಶಕ್ಕೆ ಸಂದೇಶಗಳು ಹೋಗುತ್ತಿದ್ದವು, ಅವು ಬ್ಯಾಂಕಿನ ಮುಖ್ಯ ಲೆಕ್ಕದ ವ್ಯವಸ್ಥೆಗೆ ಜೋಡಣೆಯಾಗಿರಲಿಲ್ಲ. ಸ್ವಿಫ್ಟ್ ಬಗ್ಗೆ ರಿಸರ್ವ್ ಬ್ಯಾಂಕು 2016ರಿಂದಲೇ ಎಚ್ಚರಿಸಿತ್ತು. 2020ರ ಸೆಪ್ಟೆಂಬರಿನಲ್ಲಿ ಅದು ಮುಖ್ಯ ಕಂಪ್ಲಯನ್ಸ್ ಅಧಿಕಾರಿಗೆ ಕನಿಷ್ಠ ಮೂರು ವರ್ಷದ ಅವಧಿ ಕೊಟ್ಟಿತು. ಅವರಿಗೆ ವ್ಯಾಪಾರದ ಗುರಿ ಹಾಕುವಂತಿಲ್ಲ, ಆಡಳಿತ ಮಂಡಳಿಯ ಒಪ್ಪಿಗೆಯಿಲ್ಲದೆ ಎತ್ತಂಗಡಿ ಮಾಡುವಂತಿಲ್ಲ. ಒಳ್ಳೆಯ ನಿಯಮ, ಆದರೆ ರಕ್ಷಣೆ ಸಿಕ್ಕಿದ್ದು ಮೇಲಿನ ಒಬ್ಬರಿಗೆ. ಸಾರ್ವಜನಿಕ ಸಂಸ್ಥೆಗಳಲ್ಲಿನ ಅಕ್ರಮ ಬಯಲಿಗೆಳೆಯುವವರ ರಕ್ಷಣೆಗೆಂದು ಸಂಸತ್ತು 2014ರಲ್ಲಿ ಅಂಗೀಕರಿಸಿದ ಕಾಯ್ದೆ ಮಾತ್ರ ವರ್ಷಗಟ್ಟಲೆ ಜಾರಿಗೆ ಬಾರದೆ ಕಡತದಲ್ಲೇ ಉಳಿಯಿತು.