ಕುಂಚ ಹಿಡಿದ ಕೈಗೆ ಹೆಣಿಗೆಯ ಕಡ್ಡಿ

ಹೆಣಿಗೆಯೆಂದರೆ ಬಿಡುವಿನ ವೇಳೆಯ ಮನೆಗೆಲಸವೆಂಬ ಭಾವನೆ ಬಹುಕಾಲದಿಂದ ಬೇರೂರಿದೆ. ಈ ಕೈಗೆಲಸವನ್ನು ಕಲೆಯ ಮಟ್ಟಕ್ಕೆ ಏರಿಸಿದವರಲ್ಲಿ ಕೇಫ್ ಫ್ಯಾಸೆಟ್ ಪ್ರಮುಖರು.

1937ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜನಿಸಿದ ಈ ಚಿತ್ರಕಾರರು 1964ರಲ್ಲಿ ಲಂಡನ್ನಿಗೆ ಬಂದರು. ಅದೇ ದಶಕದಲ್ಲಿ ಉಡುಪು ವಿನ್ಯಾಸಕ ಬಿಲ್ ಗಿಬ್ ಅವರೊಡನೆ ಸ್ಕಾಟ್‌ಲೆಂಡಿಗೆ ಹೋದಾಗ, ಇನ್ವರ್ನೆಸ್‌ನ ಗಿರಣಿಯೊಂದರಲ್ಲಿದ್ದ ಉಣ್ಣೆಯ ನೂಲಿನ ಬಣ್ಣಗಳಿಗೆ ಮಾರುಹೋದರು. 20 ಬಣ್ಣಗಳ ನೂಲನ್ನೂ ಕಡ್ಡಿಗಳನ್ನೂ ಕೊಂಡರು. ಹೆಣೆಯಲು ಮಾತ್ರ ಬಾರದು! ಹಿಂದಿರುಗುವಾಗ ರೈಲಿನಲ್ಲಿ ಸಹಪ್ರಯಾಣಿಕರೊಬ್ಬರು ಕಲಿಸಿಕೊಟ್ಟರು.

ಅವರು ಜಟಿಲ ಹೆಣಿಗೆಗಳ ಬೆನ್ನು ಹತ್ತಲಿಲ್ಲ. ಸಾದಾ ಹೆಣಿಗೆಯಲ್ಲಿಯೇ ಹತ್ತಾರು ಬಣ್ಣಗಳನ್ನು ಬೆರೆಸಿದರು. ಚಿತ್ರಕಲೆಯಿಂದ ಪಳಗಿದ ಕಣ್ಣೇ ಅವರ ಬಂಡವಾಳವಾಯಿತು. ಅವರ ಮೊದಲ ವಿನ್ಯಾಸವೇ 'ವೋಗ್ ನಿಟಿಂಗ್' ಪತ್ರಿಕೆಯಲ್ಲಿ ಪ್ರಕಟವಾಯಿತು. 1985ರಲ್ಲಿ 'ಗ್ಲೋರಿಯಸ್ ನಿಟಿಂಗ್' ಗ್ರಂಥ ಹೊರಬಂದಿತು. 1988ರಲ್ಲಿ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯವು ಅವರ ಕೃತಿಗಳ ಪ್ರದರ್ಶನವನ್ನೇರ್ಪಡಿಸಿತು. ಜೀವಂತ ಜವಳಿ ಕಲಾವಿದರೊಬ್ಬರಿಗೆ ಅಲ್ಲಿ ಈ ಗೌರವ ದೊರೆತದ್ದು ಅದೇ ಮೊದಲು.

ಕಲ್ಪನೆಯೊಡನೆ ಲೆಕ್ಕವೂ ಬೇಕು. ಮೊದಲು ಸಣ್ಣ ತುಂಡೊಂದನ್ನು ಹೆಣೆದು, ನಾಲ್ಕು ಇಂಚಿಗೆ ಎಷ್ಟು ಕುಣಿಕೆಗಳು, ಎಷ್ಟು ಸಾಲುಗಳು ಬರುವುವೆಂದು ಎಣಿಸಿಡಬೇಕು. ಈ ಎಣಿಕೆ ತಪ್ಪಿದರೆ ಎಂತಹ ಸೊಗಸಾದ ವಿನ್ಯಾಸವೂ ಮೈಗೆ ಹೊಂದದು. ಮತ್ತೊಬ್ಬರು ಓದಿ ಹೆಣೆಯುವಂತೆ ಅದನ್ನು ಬರೆದಿಟ್ಟಾಗಲೇ ಹವ್ಯಾಸಿಯು ವಿನ್ಯಾಸಕನಾಗುವುದು.

ದೆಹಲಿಯ ಚಳಿಗಾಲದ ಬಿಸಿಲಿನಲ್ಲಿ ಮಕ್ಕಳಿಗಾಗಿ ಸ್ವೆಟರ್ ಹೆಣೆಯುವ ನಮ್ಮ ಸೋದರಿಯರ ಕೈಯಲ್ಲಿರುವುದೂ ಇದೇ ವಿದ್ಯೆ. ರಂಗೋಲಿಯಲ್ಲಿ ಪಳಗಿದ ಕಣ್ಣಿಗೆ ಬಣ್ಣದ ಪಾಠ ಹೊಸದೇನಲ್ಲ.