ಎರೆಮಣ್ಣಲ್ಲಿ ಟೆಂಟಿನ ಗೂಟ

ಪ್ರಶ್ನೆ: ಗೆಳೆಯರಿಬ್ಬರು ಚಾರಣಕ್ಕೆ ಹೊರಟಿದ್ದೇವೆ. ಎಂಥ ಹಗುರ ಟೆಂಟ್ ಕೊಳ್ಳಬೇಕು? (ಓದುಗರು, ಅಣ್ಣಿಗೇರಿ)

ಉತ್ತರ: ಎರಡರಿಂದ ಎರಡೂವರೆ ಕಿಲೋ ತೂಗುವ, ಎರಡು ಪದರದ ಟೆಂಟ್ ಕೊಳ್ಳಿ. ಒಂದೇ ಪದರದ್ದು ಇನ್ನೂ ಹಗುರ ನಿಜ, ಆದರೆ ರಾತ್ರಿ ನಿಮ್ಮ ಉಸಿರೇ ಒಳಬದಿಗೆ ಹನಿಗಟ್ಟಿ ಬೆಳಗಾಗುವಷ್ಟರಲ್ಲಿ ಹೊದಿಕೆ ತೊಯ್ದಿರುತ್ತದೆ. ಕಂಬಿ ಅಲ್ಯುಮಿನಿಯಮ್ಮಿನದಿರಲಿ, ಫೈಬರ್ ಗ್ಲಾಸ್ ಅಗ್ಗವಾದರೂ ಭಾರ, ಸೀಳುವುದೂ ಬೇಗ. ಗದಗದ ಕಡೆ ಗಾಳಿಯಂತ್ರಗಳನ್ನು ನೋಡಿದ್ದೀರಲ್ಲ, ಅಂಥ ಬಯಲು ಗುಡ್ಡದಲ್ಲಿ ತಗ್ಗಾದ ಟೆಂಟೇ ತಡೆಯುತ್ತದೆ. ಗದಗ ಕಡೆಯದೇ ಆದ ಕಪ್ಪತಗುಡ್ಡ ವನ್ಯಜೀವಿಧಾಮ, ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಅಲ್ಲಿ ತಂಗಬೇಡಿ.

ಕೊಂಡ ಟೆಂಟನ್ನು ಮೊದಲು ನಿಮ್ಮ ಹೊಲದಲ್ಲೇ ಹಾಕಿ ನೋಡಿ. ಬೇಸಿಗೆಯಲ್ಲಿ ಎರೆಮಣ್ಣು ಬಿರಿದು ಗೂಟ ಸಡಿಲಾಗುತ್ತದೆ. ಮಳೆ ಬಿದ್ದರೆ ನಾದಿದ ಹಿಟ್ಟಿಗೆ ಚುಚ್ಚಿದ ಕಡ್ಡಿಯಂತೆ ಕಿತ್ತು ಬರುತ್ತದೆ. ಟೆಂಟಿನ ಜೊತೆ ಕೊಡುವ ತೆಳು ಗೂಟ ಸಾಲದು, ಅಗಲವಾದ ಉದ್ದ ಗೂಟ ಒಯ್ಯಿರಿ.