ನಾಯಿಯ ಬಾಯಿಗೆ ಕೈ ಹಾಕುವ ಮುನ್ನ

“ಡಾಕ್ಟ್ರಮ್ಮಾ, ನಮ್ಮ ನಾಯಿ ಗಂಟಲಲ್ಲಿ ಮೂಳೆ ಸಿಕ್ಕಿಕೊಂಡಿದೆ. ಜೊಲ್ಲು ಸುರೀತಿದೆ, ಬಾಯಿ ಮುಚ್ತಿಲ್ಲ. ಕೈ ಹಾಕಿ ತೆಗೀಲಾ?” ಹಸು ನೋಡಲು ಹೋದಾಗ ಅಕ್ಕ ಒಬ್ಬರು ಕೇಳಿದರು. ಬೇಡವೇ ಬೇಡ ಎಂದೆ.

ಕೆಳದವಡೆ ಜೋತುಬಿದ್ದು, ಬೊಗಳುವ ದನಿ ಬದಲಾಗಿ, ಕತ್ತಲ ಮೂಲೆ ಸೇರುವ ನಾಯಿಯಲ್ಲಿ ನಾವು ಮೊದಲು ಶಂಕಿಸುವುದು ರೇಬೀಸ್, ಅಂದರೆ ಹುಚ್ಚುರೋಗ. ಹುಚ್ಚುನಾಯಿ ಎಂದರೆ ಕಂಡವರನ್ನೆಲ್ಲ ಕಚ್ಚುತ್ತದೆ ಎಂದೇ ಬಹಳ ಮಂದಿಯ ನಂಬಿಕೆ. ಮಂಕಾಗಿ ಬಿದ್ದುಕೊಳ್ಳುವ ಬಗೆಯೂ ಇದೆ. ಮನೆಯವರು ಮೋಸಹೋಗುವುದು ಇಲ್ಲೇ.

ನರದ ತೊಂದರೆಯೆಲ್ಲ ರೇಬೀಸ್ ಅಲ್ಲ. ಲಸಿಕೆಯಾಗದ ಮರಿಗೆ ಜ್ವರ, ಕಣ್ಣಲ್ಲಿ ಪಿಚ್ಚು ಬಂದು, ಆಮೇಲೆ ಕಾಲು ತಾಳ ಹಾಕಿದಂತೆ ಅದುರಿದರೆ ಡಿಸ್ಟೆಂಪರ್ ಇರಬಹುದು. ಬೆಕ್ಕು ತಲೆಯನ್ನು ಒಂದೇ ಕಡೆ ವಾಲಿಸಿದರೆ ಕಿವಿಯೊಳಗೆ ಸೋಂಕಿದೆಯೇ ನೋಡುತ್ತೇವೆ. ಯಾವಾಗ ಶುರುವಾಯಿತು, ಬೇರೆ ನಾಯಿ ಕಚ್ಚಿತ್ತಾ, ಲಸಿಕೆ ಹಾಕಿಸಿದ್ದೀರಾ? ನಿಮ್ಮ ಉತ್ತರದಲ್ಲೇ ಅರ್ಧ ಪರೀಕ್ಷೆ ಮುಗಿಯುತ್ತದೆ. ಬದುಕಿರುವ ನಾಯಿಯಲ್ಲಿ ರೇಬೀಸ್ ಖಚಿತಪಡಿಸುವ ನೆಚ್ಚಿಕೆಯ ಪರೀಕ್ಷೆಯಿಲ್ಲ. ಸತ್ತ ಮೇಲೆ ಮಿದುಳನ್ನೇ ಪರೀಕ್ಷಿಸಬೇಕು. ಅದಕ್ಕೇ ಅನುಮಾನ ಬಂದರೆ ಮುಟ್ಟದೆ ನಮಗೆ ಫೋನ್ ಮಾಡಿ.

ಕಚ್ಚಿದರೆ, ಗೀರಿಗೆ ಜೊಲ್ಲು ತಗುಲಿದರೆ, ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ ಹಚ್ಚಬೇಡಿ. ಹಸುವನ್ನು ಕಚ್ಚಿದ್ದರೂ ಅಂದೇ ತಿಳಿಸಿ, ಅದಕ್ಕೂ ಲಸಿಕೆಯಿದೆ. ಜೊಲ್ಲು ಸುರಿಸುತ್ತ ಒಂದೇ ಸಮನೆ ಅರಚುವ ಹಸುವಿನ ಬಾಯಿಗೂ ಕೈ ಹಾಕಬೇಡಿ.

ಆ ನಾಯಿ ಮೂರನೇ ದಿನ ಸತ್ತಿತು. ಅದಕ್ಕೆ ನೀರು ಕುಡಿಸಿದ್ದ ಮಗನ ಬೆರಳಲ್ಲಿ ಗೀರಿತ್ತು. ಅವನಿಗೆ ಎಲ್ಲ ಇಂಜೆಕ್ಷನ್ ಮುಗಿದಿವೆ, ಶಾಲೆಗೆ ಹೋಗುತ್ತಿದ್ದಾನೆ.